ಯಾವ ಸಲೂನು ಎಂದು ಕೇಳಿದ್ದೆಯಲ್ಲ

ಆಕ್ಲೆಂಡ್
ಏಪ್ರಿಲ್ ೨೦, ಭಾನುವಾರ

ನನ್ನ ಪ್ರೀತಿಯ ಲುಪೆ,

ನನ್ನ ಅಕ್ಷರ ಮರೆತುಹೋಗಿದ್ದರೆ ಕೊನೆಗೆ ಹಾಕಿರುವ ಹೆಸರನ್ನು ಮೊದಲು ಓದಿಕೋ. ನಾನು ಫೇಸ್‌ಬುಕ್‌ನಲ್ಲಿ ಕಾಣುತ್ತಿಲ್ಲವೆಂದು, ಆಕ್ಲೆಂಡ್ ಸೇರಿ ನನಗೆ ಕೊಬ್ಬು ಬಂದಿದೆಯೆಂದು ಊರೆಲ್ಲ ಹೇಳಿಕೊಂಡು ಬಂದೆಯಂತೆ. ಕೊಬ್ಬು ಬಂದಿರುವುದು ನಿಜ, ಸೊಂಟದ ಸುತ್ತ. ಖಾತೆ ಮುಚ್ಚಿದ್ದು ಬೇರೆ ಕಾರಣಕ್ಕೆ. ನಮ್ಮ ಚರ್ಚಿನ ಸೇಲಾ ಟೊಂಗಾಕ್ಕೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಅಪ್ಪನನ್ನು ಮಣ್ಣು ಮಾಡುವುದನ್ನು ನಾನು ನೋಡಿದೆ. ನಿನ್ನ ಅಪ್ಪ ಎನ್ನಬೇಕೇನೋ. ಆದರೆ ತಾಯಿ ಸತ್ತ ಹುಡುಗಿಯನ್ನು ಮನೆಗೆ ಕರೆತಂದು ನಿನ್ನ ಪಕ್ಕದಲ್ಲೇ ಮಲಗಿಸಿದವರನ್ನು ಬೇರೆ ಏನೆಂದು ಕರೆಯಲಿ? ನಾನು ಆಗ ಕೆಲಸ ಮಾಡುವ ಈರುಳ್ಳಿ ಶೆಡ್ಡಿನಲ್ಲಿದ್ದೆ. ನಿನ್ನ ತಮ್ಮ ಫೋನು ಹಿಡಿದು ಎಲ್ಲವನ್ನೂ ನೇರವಾಗಿ ತೋರಿಸುತ್ತಿದ್ದ. ಪೆಟ್ಟಿಗೆ ಇಳಿಸುವಾಗ ಚಿತ್ರ ನಿಂತುಹೋಯಿತು, ಮತ್ತೆ ಬರುವಷ್ಟರಲ್ಲಿ ಮರಳು ಹಾಕುತ್ತಿದ್ದರು. ಈರುಳ್ಳಿ ಶೆಡ್ಡಿನಲ್ಲಿ ಒಂದು ಅನುಕೂಲ, ಯಾಕೆ ಅಳುತ್ತೀ ಎಂದು ಯಾರೂ ಕೇಳುವುದಿಲ್ಲ. ಆ ಫೋನು ಇಲ್ಲದಿದ್ದರೆ ನನಗೆ ಅಷ್ಟೂ ಸಿಗುತ್ತಿರಲಿಲ್ಲ. ಹಾಗಾಗಿ ಅದನ್ನು ಬೈಯಲು ಬಾಯಿ ಬರುವುದಿಲ್ಲ.

ಊರಲ್ಲಿದ್ದಿದ್ದರೆ ಸಾವಿನ ಮನೆಯ ಪದ್ಧತಿಯಂತೆ ಸೊಂಟಕ್ಕೆ ಹರಿದ ಚಾಪೆ ಸುತ್ತಿಕೊಂಡು ನಿನ್ನ ಜೊತೆ ಹಿತ್ತಲ ಒಲೆಯ ಹತ್ತಿರ ಕೂರುತ್ತಿದ್ದೆ. ಅಪ್ಪನ ಒಡಹುಟ್ಟಿದ ಅತ್ತೆ ಬಂದು, ಅಪ್ಪ ಹೋದ ದುಃಖದ ಗುರುತಾಗಿ ನಮ್ಮಿಬ್ಬರ ಕೂದಲನ್ನೂ ಕತ್ತರಿಸುತ್ತಿದ್ದಳು. ಇಲ್ಲಿ ಅತ್ತೆ ಎಲ್ಲಿಂದ ಬರಬೇಕು? ಈರುಳ್ಳಿಯ ಜುಟ್ಟು ಕತ್ತರಿಸುವ ಕತ್ತರಿಯಲ್ಲಿ ನಾನೇ ಕತ್ತರಿಸಿಕೊಂಡೆ.

ಅದಾದ ಮೇಲಿನ ಭಾನುವಾರ ಚರ್ಚಿನಲ್ಲಿ ಯಾರೋ ನನ್ನ ಫೋಟೋ ತೆಗೆದು ಫೇಸ್‌ಬುಕ್‌ಗೆ ಹಾಕಿದರು. ಒಂದು ಮಗು ಏನೋ ಹೇಳಿತ್ತು, ನಾನು ನಕ್ಕಿದ್ದೆ. ಅದರ ಕೆಳಗೆ ನೀನು ಬರೆದೆ: "ಕೂದ್ಲು ಚೆನ್ನಾಗಿದೆ ಕಣೇ. ಯಾವ ಸಲೂನು? ನಮ್ಮನೇಲಿ ಅಪ್ಪ ಸತ್ತಿದ್ದು ಗೊತ್ತಾಯ್ತೋ ಇಲ್ವೋ?" ಎಷ್ಟೋ ಜನ ಅದಕ್ಕೆ ನಗುವ ಮುಖ ಒತ್ತಿದರು. ಎಲ್ಲರೂ ನಮ್ಮೂರಿನವರೇ.

ನಿನ್ನ ಕೂದಲೂ ಕಿವಿಯ ಮೇಲಕ್ಕೆ ಬಂದಿತ್ತಲ್ಲ ಲುಪೆ. ನೋಡಿದವರೆಲ್ಲ ಅಪ್ಪನನ್ನು ಕಳೆದುಕೊಂಡ ಮಗಳು ಎಂದು ಮರುಗಿದರು. ನನ್ನದು ಮಾತ್ರ ಫ್ಯಾಷನ್ ಆಯಿತು. ನೀನು ನನ್ನನ್ನು ಕಂಡದ್ದು ಫೋನಿನಲ್ಲಿ, ನಗುವ ಫೋಟೋಗಳ ನಡುವೆ. ಉಳಿದವನ್ನೆಲ್ಲ ಹಾಕಿದವಳೂ ನಾನೇ ಅನ್ನು. ಅಳುವ ಮುಖವನ್ನು ಅಲ್ಲಿ ಯಾರು ಹಾಕುತ್ತಾರೆ?

ಯಾಕೆ ಬರಲಿಲ್ಲ ಎನ್ನುತ್ತೀಯಲ್ಲ, ಕೇಳು. ಇಲ್ಲಿರಲು ನನಗೆ ಕೊಟ್ಟಿದ್ದ ಅನುಮತಿ ಮುಗಿದು ಬಹಳ ಕಾಲವಾಯಿತು. ಒಮ್ಮೆ ವಿಮಾನ ಹತ್ತಿದರೆ ಮತ್ತೆ ಒಳಗೆ ಬಿಡುವುದಿಲ್ಲ, ಮಗಳ ಓದು ಇಲ್ಲಿದೆ. ಇದನ್ನು ಆ ಫೋಟೋದ ಕೆಳಗೆ ಇಡೀ ಊರು ಓದುವಂತೆ ಬರೆಯಬೇಕಿತ್ತೇ? ಫೋನು ಮಾಡಬಹುದಿತ್ತು ಎನ್ನುತ್ತೀ. ನೀನೂ ಮಾಡಬಹುದಿತ್ತು. ದಿನಾ ಒಬ್ಬರಿಗೊಬ್ಬರು ಹೃದಯದ ಗುರುತು ಒತ್ತುತ್ತಿದ್ದೆವಲ್ಲ, ಬಾಯಿಬಿಟ್ಟು ಮಾತಾಡಿ ವರ್ಷವಾದದ್ದು ನಮಗೆ ತಿಳಿಯಲೇ ಇಲ್ಲ.

ನನಗೆ ತುಂಬಾ ನೋವಾಗಿದೆ. ನಿನ್ನ ಮೇಲೆ ಸಿಟ್ಟೂ ಇದೆ. ಆದರೆ ಅಪ್ಪನನ್ನು ನೆನೆದು ಜೊತೆಗೆ ಅಳಲು ನಿನ್ನನ್ನು ಬಿಟ್ಟರೆ ನನಗೆ ಇನ್ಯಾರೂ ಇಲ್ಲ.

ಇಂತಿ, ಈಗಲೂ ನಿನ್ನವಳೇ ಆದ
ಕಲೊಲೈನೆ

ಮತ್ತೊಂದು ಮಾತು: ಜೊತೆಗಿರುವ ಬಟ್ಟೆಯ ಗಂಟನ್ನು ಮಕ್ಕಳ ಮುಂದೆ ಬಿಚ್ಚಬೇಡ. ಅದರಲ್ಲಿರುವುದು ನನ್ನ ಜಡೆ. ಎರಡು ಸಲ ತೊಳೆದರೂ ಈರುಳ್ಳಿ ವಾಸನೆ ಹೋಗಿಲ್ಲ. ಸಮಾಧಿಯ ಮರಳು ಸರಿಸಿ ಹೂತುಬಿಡು, ಫೋಟೋ ಮಾತ್ರ ತೆಗೆಯಬೇಡ. ಕಲೊಲೈನೆ ಬಂದಿದ್ದಾಳೆ ಎಂದು ಅಪ್ಪನಿಗೆ ಹೇಳು.