ಹದಿನಾಲ್ಕನೇ ಉಲ್ಲೇಖದ ಕರು

ಸಂಪಾದಕ ಮಹಾಶಯರೇ,

ನಿಮ್ಮ ವೈದ್ಯವಿಜ್ಞಾನ ಪತ್ರಿಕೆಯ ಹೋದ ಸಂಚಿಕೆಯಲ್ಲಿ ಅಚ್ಚಾದ ನನ್ನ ಲೇಖನದ ಪ್ರಕಾರ, ತೂಕ ಕಡಿಮೆಯಿರುವ ನವಜಾತ ಶಿಶುವಿಗೆ ಕರುವಿನ ಲೆಕ್ಕದಲ್ಲಿ ಔಷಧ ಕೊಡಬೇಕು. ಇದನ್ನು ನಾನು ಬರೆದಿಲ್ಲ. ನಿಮ್ಮ ಕಚೇರಿಯ ಕೈಚಳಕ. ತಿದ್ದಿ ಎಂದು ಕೇಳಿ ಕೇಳಿ ಸಾಕಾಗಿ, ಈಗ ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ನಾನು ಮಕ್ಕಳ ಆಸ್ಪತ್ರೆಯೊಂದರ ಔಷಧ ವಿಭಾಗದವಳು. ಲೇಖನವನ್ನು ತಜ್ಞರು ಒಂದೇ ಸಲಕ್ಕೆ ಒಪ್ಪಿದರು. ಒಪ್ಪದೇ ಹೋದದ್ದು ನಿಮ್ಮ ಉಲ್ಲೇಖ ಶೈಲಿ. ಲೇಖಕರ ಇನಿಷಿಯಲ್ ಮುಂದೆ ಚುಕ್ಕಿ ಇರಬಾರದು ಎಂದು ವಾಪಸ್ ಬಂತು. ಪತ್ರಿಕೆಗಳ ಹೆಸರು ಓರೆ ಅಕ್ಷರದಲ್ಲಿಲ್ಲ ಎಂದು ಮತ್ತೆ ಬಂತು. ಇಸವಿ ಕಂಸದೊಳಗಿರಬೇಕು ಎಂದು ಇನ್ನೊಮ್ಮೆ. ಊಟದ ಮೇಜಿನಲ್ಲಿ ತಟ್ಟೆ ಸರಿಸಿ ನಾನು ಚುಕ್ಕಿ ಹೆಕ್ಕುವುದನ್ನು ಕಂಡು ನಮ್ಮತ್ತೆ, "ಏನಮ್ಮಾ, ಇಷ್ಟು ಓದಿದೋರಿಗೂ ಕಾಪಿ ತಿದ್ದಿಸ್ತಾರಾ?" ಎಂದರು. ಹೌದತ್ತೆ ಎಂದೆ. ಬೇರೇನು ಹೇಳಲಿ?

ಕೊನೆಗೆ ನಿಮ್ಮ ಕಚೇರಿಯೇ ಕೈ ಹಾಕಿತು. ಲೇಖನದ ಕೊನೆಯ ಉಲ್ಲೇಖಗಳ ಪಟ್ಟಿಯಲ್ಲಿ ಒಂದೇ ಗ್ರಂಥ ಎರಡು ಸಲ ಬಂದಿದೆ ಎಂದು ಒಂದನ್ನು ಕಿತ್ತು, ಕೆಳಗಿನವನ್ನೆಲ್ಲ ಒಂದೊಂದು ಸ್ಥಾನ ಮೇಲೇರಿಸಿತು. ಲೇಖನದೊಳಗಿನ ಉಲ್ಲೇಖ ಸಂಖ್ಯೆಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟಿತು. ಅಚ್ಚಿಗೆ ಮುನ್ನ ನನಗೊಮ್ಮೆ ತೋರಿಸಲೂ ಇಲ್ಲ. 'ಔಷಧದ ಪ್ರಮಾಣಕ್ಕೆ ಹದಿನಾಲ್ಕನೇ ಉಲ್ಲೇಖ ನೋಡಿ' ಎಂದು ನಾನು ಬರೆದದ್ದು ಶಿಶುಗಳ ಅಧ್ಯಯನವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು. ಈಗ ಆ ಜಾಗದಲ್ಲಿ, ನಾನು ಬೇರೊಂದು ಮಾತಿಗೆ ಹದಿನೈದನೆಯದಾಗಿ ಕೊಟ್ಟಿದ್ದ ಪಶುವೈದ್ಯರೊಬ್ಬರ ಅಧ್ಯಯನ ಕೂತಿದೆ. ಅದರ ಶೀರ್ಷಿಕೆಯಲ್ಲಿ 'ನವಜಾತ' ಎಂದಷ್ಟೇ ಇದೆ. ಕರು ಎಂಬುದು ಒಳಪುಟಕ್ಕೆ ಹೋದರೆ ತಿಳಿಯುತ್ತದೆ. ಪ್ರಮಾಣದ ಕೋಷ್ಟಕ ಮೊದಲ ಪುಟದಲ್ಲೇ ಸಿಗುತ್ತದೆ. ಶೈಲಿಯಲ್ಲಿ ಒಂದೂ ತಪ್ಪಿಲ್ಲ, ಇಸವಿ ಕಂಸದೊಳಗೇ ಇದೆ.

ತಿದ್ದುಪಡಿ ಕೋರಿ ಬರೆದೆ. ಕೋರಿಕೆಯಲ್ಲಿನ ಉಲ್ಲೇಖಗಳು ಪತ್ರಿಕೆಯ ಶೈಲಿಯಲ್ಲಿಲ್ಲ ಎಂದು ಉತ್ತರ ಬಂತು. ಶೈಲಿಗೆ ತಂದು ಕಳಿಸಿದೆ. ಮುಂದಿನ ವರ್ಷ ಜಾಗವಿದ್ದರೆ ಪರಿಶೀಲಿಸುತ್ತೀರಂತೆ. ಅಲ್ಲಿಯವರೆಗೆ ಶಿಶುಗಳಿಗೆ ಹುಟ್ಟಬೇಡಿ ಎಂದು ಹೇಳಿ ಕಳಿಸಬೇಕೇ?

ಹಾಗಾಗಿ ಕೆಲಸ ಮುಗಿಸಿ ಆಸ್ಪತ್ರೆಗಳಿಗೆ ನಾನೇ ಫೋನ್ ಮಾಡುತ್ತಿದ್ದೇನೆ. ಕೆಲವರು ಬರೆದುಕೊಳ್ಳುತ್ತಾರೆ, ಕೆಲವರು ನಗುತ್ತಾರೆ. ನಿನ್ನೆ ಸಣ್ಣ ಆಸ್ಪತ್ರೆಯೊಂದರ ಡಾಕ್ಟರು ಪೂರ್ತಿ ಕೇಳಿಸಿಕೊಂಡು ತಾಳ್ಮೆಯಿಂದಲೇ ಹೇಳಿದರು: "ಮೇಡಂ, ನೀವ್ಯಾರೋ ನಂಗೊತ್ತಿಲ್ಲ. ಫೋನಲ್ಲಿ ಯಾರು ಏನು ಬೇಕಾದ್ರೂ ಹೇಳ್ಬೋದು. ಪತ್ರಿಕೇಲಿ ಏನಿದ್ಯೋ ನಾವು ಅದನ್ನೇ ನಂಬೋದು."

ಅವರು ಹೇಳಿದ್ದು ಸರಿ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ನನಗೆ ಭಯವಾಗಿರುವುದೂ ಅದಕ್ಕೇ. ಅವರು ಮಾತಾಡುತ್ತಿದ್ದಷ್ಟು ಹೊತ್ತೂ ಹಿಂದೆ ಒಂದು ಕೂಸು ಅಳುತ್ತಿತ್ತು.

ಈ ವಾರವೇ, ನಿಮ್ಮ ಪತ್ರಿಕೆಯ ಹೆಸರಿನಲ್ಲಿ, ಎಲ್ಲ ಆಸ್ಪತ್ರೆಗಳಿಗೂ ತಿದ್ದುಪಡಿ ಕಳಿಸಿ. ಯಾವ ಶೈಲಿಯಲ್ಲಾದರೂ ಸರಿ.

ಇಂತಿ,
ತನ್ನ ಲೇಖನವನ್ನು ನಂಬಬೇಡಿ ಎಂದು ಸಿಕ್ಕವರಿಗೆಲ್ಲ ಫೋನ್ ಮಾಡುತ್ತಿರುವ
ಲೇಖಕಿ