ಬೂಷ್ಟಿನ ಎರಡು ಗೋಡೆ

ಮೊಟ್ಟೆಗೆ ಕಾವು ಕೊಡುವ ಶೆಡ್ಡಿನ ಊಟದ ಕೋಣೆ,
ಮಂಗಳವಾರ, ಹದಿನಾಲ್ಕನೇ ತಾರೀಖು

ಮುದ್ದಿನ ತಮ್ಮಾ,

ನಿನ್ನೆ ಒಂದು ಕೆಟ್ಟ ಕನಸು ಬಿತ್ತು. ಇಲ್ಲಿನ ಮೊಟ್ಟೆಗಳೆಲ್ಲ ಒಡೆದವು, ಮರಿಗಳ ಬದಲು ನಿನ್ನ ಪ್ರಯೋಗಾಲಯದ ಬೂಷ್ಟು ಬಿಳಿ ನೂಲು ನೂಲಾಗಿ ಚಿಂವ್ ಚಿಂವ್ ಅನ್ನುತ್ತಾ ಹೊರಗೆ ಬಂತು. ನಾನು ಅದಕ್ಕೂ ನುಚ್ಚು ಹಾಕುತ್ತಿದ್ದೆ! ನಿನ್ನ ಭಾವನಿಗೆ ಹೇಳಿದರೆ, “ತಮ್ಮನ ಕಡೇದು ಅಂದ್ರೆ ಸಾಕು, ಬೂಷ್ಟಿಗೂ ಉಪಚಾರ ಮಾಡ್ತೀಯ ನೀನು” ಎಂದು ನಕ್ಕರು. ನಗಲಿ. ನಿನಗೆ ಕೆಮ್ಮು ಗಿಮ್ಮು ಇಲ್ಲ ತಾನೆ? ಮೂಗು ಬಾಯಿ ಮುಚ್ಚಿಕೊಂಡೇ ಕೆಲಸ ಮಾಡುತ್ತೀಯಾ? ಮೊದಲು ಅದನ್ನು ಬರೆ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀನು ಹುಟ್ಟಿದಾಗ ತೊಟ್ಟಿಲು ತೂಗಲೆಂದು ಆರನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳಿಗೆ ಮೊದಲ ಸಲ ತಲೆಬುಡ ತಿಳಿಯಲಿಲ್ಲ. ಈಗ ತಿಳಿದದ್ದು ಇಷ್ಟು, ತಪ್ಪಿದ್ದರೆ ಆಡಿಕೊಳ್ಳಬೇಡ. ಆ ಬೂಷ್ಟು ಮಣ್ಣಿನ ತಂಪಿನಲ್ಲಿ ನೂಲಾಗಿ ಹಬ್ಬುತ್ತದೆ. ಉಸಿರಿನ ಜೊತೆ ಎದೆಗೂಡು ಹೊಕ್ಕು ಮೈಬಿಸಿ ತಾಗಿತೋ, ದುಂಡಗಿನ ಕಣವಾಗಿ ಕಾಯಿಲೆ ತರುತ್ತದೆ. ಬದಲಾಗುವುದು ಆಕಾರವೊಂದೇ ಅಲ್ಲ, ಮೈ ಸುತ್ತಲಿನ ಗೋಡೆಯ ಸಾಮಾನೂ ಬೇರೆ. ಎರಡರಲ್ಲೂ ಸಕ್ಕರೆಯ ಸರವೇ, ಆದರೆ ಪೋಣಿಸುವ ರೀತಿ ಬೇರೆ. ದುಂಡಗಾದಾಗ ಸೀಗಡಿ ಚಿಪ್ಪಿನಲ್ಲಿರುವ ಕೈಟಿನ್ ಕೂಡ ಹೆಚ್ಚುತ್ತದೆ. ನಮ್ಮ ರಕ್ತದ ಕಾವಲುಗಾರರಿಗೆ ಹಳೇ ಸರದ ಗುರುತು ಸಿಗುತ್ತದಂತೆ, ಹೊಸದರದ್ದು ಅಷ್ಟಾಗಿ ಸಿಗುವುದಿಲ್ಲವಂತೆ. ಎಂಥ ಕಳ್ಳ ನೋಡು! ನಮ್ಮ ಕೋಳಿಗಳೇ ವಾಸಿ, ಚಿಪ್ಪು ಸುಣ್ಣದ್ದು ಅಂದರೆ ಯಾವ ಕಾಲಕ್ಕೂ ಸುಣ್ಣದ್ದೇ.

ಆದರೆ ಕೊನೆಯ ಸಾಲು ಓದಿ ನನಗೆ ಊಟ ಸೇರಲಿಲ್ಲ. ಬಿಸಿ ಪೆಟ್ಟಿಗೆಯಲ್ಲಿಟ್ಟು ದುಂಡಗೆ ಮಾಡಿದ ಕಣಗಳ ಗೋಡೆ ಬಿಡಿಸಿದರೆ ಮೂರು ಸಲವೂ ನೂಲಿನ ಸಕ್ಕರೆ ಬೆರೆತು ಬಂತಂತೆ. ಇಪ್ಪತ್ನಾಲ್ಕನೇ ತಾರೀಖಿಗೆ ನಾಲ್ಕನೇ ಸಲ ಇಡುತ್ತೀಯಂತೆ, ಅದೂ ಕೆಟ್ಟರೆ ಎರಡು ವರ್ಷದ ಕೆಲಸ ಕೈಬಿಡಬೇಕೆಂದು ನಿನ್ನ ಗೈಡ್ ಮೇಡಂ ಹೇಳಿದ್ದಾರಂತೆ. “ನನ್ನ ಕೈಗುಣವೇ ಸರಿಯಿಲ್ಲ ಅಕ್ಕಾ” ಅಂತ ಬೇರೆ ಬರೆದಿದ್ದೀಯ. ಬಿಡೋ, ದೊಡ್ಡ ಕೈಗುಣದವನು! ಅಳುಮೂತಿ ಮಾಡಿಕೊಂಡು ಉಪವಾಸ ಕೂರಬೇಡ. ಭಾವ ಕೇಳಿದ್ದಾರೆಂದು ತಿಳಿ. ಹೊಟ್ಟೆ ತುಂಬ ತಿಂದು, ನೂರು ಕಾಲ ಸುಖವಾಗಿ ಬಾಳು.

ನಿನ್ನ
ಗಾಬರಿ ಅಕ್ಕ

ಮರೆತಿದ್ದೆ, ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ: ನಿನ್ನ ಪೆಟ್ಟಿಗೆ ಸದಾ ಮೂವತ್ತೇಳು ಡಿಗ್ರಿ ತೋರಿಸುತ್ತದೆ ಎಂದೆಯಲ್ಲ, ಇಲ್ಲಿ ಮೊಟ್ಟೆಗೆ ಕಾವು ಕೊಡುವ ನಮ್ಮ ಪೆಟ್ಟಿಗೆಯೂ ಸರಿಯಾಗೇ ತೋರಿಸುತ್ತದೆ. ಆದರೂ ಬಾಗಿಲ ಪಕ್ಕದ ಕೆಳಗಿನ ತಟ್ಟೆಯ ಮರಿಗಳು ಒಂದು ದಿನ ತಡವಾಗಿಯೇ ಚಿಪ್ಪು ಒಡೆಯುತ್ತವೆ. ಅಳೆಯುವ ಕಡ್ಡಿ ಇರುವುದು ಮೇಲೆ, ಕಾವು ಕಡಿಮೆ ಇರುವುದು ಕೆಳಗೆ. ನಿನ್ನ ಸೀಸೆಗಳನ್ನು ಯಾವ ತಟ್ಟೆಯಲ್ಲಿ ಇಡುತ್ತೀಯ? ಇಪ್ಪತ್ನಾಲ್ಕಕ್ಕೆ ಮುಂಚೆ, ಸೀಸೆ ಇಡುವ ಜಾಗದಲ್ಲೇ ಥರ್ಮಾಮೀಟರ್ ಇಟ್ಟು ಇನ್ನೊಂದು ಸಲ ನೋಡು, ತಮ್ಮಾ.