ಕಿವಿ ಮಿಷನ್ ಹುಡುಕಿದ್ದು ನಾನು

ಅಪ್ಪಾಜಿ,

ನಾನು ಹಾಸನೂರಿಗೆ ಹೊರಟೆ. ಮುದ್ದೆ, ಅವರೆಕಾಳು ಸಾರು ಒಲೆ ಪಕ್ಕ ಮುಚ್ಚಿಟ್ಟಿದ್ದೇನೆ.

ತಮ್ಮನ ಮೇಲಿನ ಕೋಪ ಬಿಡಿ. ಪೇಪರ್ ಓದಲು ಕಂಪ್ಯೂಟರ್ ಹಾಕಿದಾಗಲೆಲ್ಲ ಪಕ್ಕದಲ್ಲಿ ಕಿವಿ ಮಿಷನ್ ಜಾಹೀರಾತು ಬರುತ್ತದೆಂದು, “ನನ್ ಕಿವಿ ಇಚಾರವ ಆ ಕಂಪ್ಯೂಟರ್ಗ ಏಳ್ಬುಟ್ಟೋನು ನೀನೇ ಕಣ್ಲಾ” ಅಂತ ಅವನನ್ನು ಬೈದಿರಿ. ನಿಮಗೆಂದು ಅದರಲ್ಲಿ ಮಿಷನ್ ಹುಡುಕಿದ್ದು ನಾನು. ನೀವು ಕಾಡಿಗೆ ಬಿಡುವ ದನಕ್ಕೆ ಗುರುತು ಹಾಕುವ ಹಾಗೆ, ನಾವು ನೋಡಿದ ಸೈಟಿನವರು ನಮ್ಮ ಕಂಪ್ಯೂಟರಿನಲ್ಲಿ ಕುಕೀ ಅಂತ ಒಂದು ಗುರುತು ಇಡುತ್ತಾರೆ. ಆಮೇಲೆ ಯಾವ ಪುಟಕ್ಕೆ ಹೋದರೂ ಆ ಗುರುತು ಹಿಡಿದು ಅದೇ ಜಾಹೀರಾತು ತೋರಿಸುತ್ತಾರೆ. ನಮ್ಮನ್ನು ಒಂದು ಮಾತೂ ಕೇಳುವುದಿಲ್ಲ. ನನಗೂ ಸಿಟ್ಟು ಬಂತು.

ನಿನ್ನೆ ಎಲ್ಲ ಅಳಿಸಿದ್ದೇನೆ. ಪರದೆಗೆ ನೀವು ಹೊದಿಸಿದ್ದ ಟವಲನ್ನು ಒಗೆಯಲು ಹಾಕಿದೆ. ಇನ್ನು ಧೈರ್ಯವಾಗಿ ಓದಿ. ಆದರೆ ಬುಧವಾರ ಚಾಮರಾಜನಗರದ ಕಿವಿ ಡಾಕ್ಟರ ಹತ್ತಿರ ಹೋಗೋಣ. ಊರಲ್ಲಿ ಯಾರಿಗೂ ಹೇಳಲ್ಲ.

ಸಂಜೆ ಬಸ್ಸಿಗೆ ಬರುತ್ತೇನೆ. ಒಳಗಿನಿಂದ ಚಿಲಕ ಹಾಕಬೇಡಿ. ಮೊನ್ನೆ ತಡವಾಯಿತೆಂದು ಬೈದಿರಲ್ಲ, ಬಸ್ಸು ಸರಿಯಾಗಿಯೇ ಬಂದಿತ್ತು. ಅರ್ಧ ಗಂಟೆ ಜಗಲಿಯಲ್ಲಿ ನಿಂತು ನಿಮ್ಮನ್ನು ಕೂಗುತ್ತಿದ್ದೆ.

ರಂಜಿತ